ಕೆಟ್ಟ ಕನಸನ್ನು ಕೊಲ್ಲಬಹುದೇ?

ನಡುರಾತ್ರಿ ಬೆಚ್ಚಿಬಿದ್ದು ಎದ್ದು ಕುಳಿತ ಮಗುವಿಗೆ ದೊಡ್ಡವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ. ಏನೂ ಇಲ್ಲ, ಕನಸು ಅಷ್ಟೆ, ಮಲಗು. ಆದರೆ ಆ ‘ಅಷ್ಟೆ’ ಎಂಬ ಮಾತನ್ನು ದೊಡ್ಡವರೂ ಪೂರ್ತಿಯಾಗಿ ನಂಬಿದಂತಿಲ್ಲ. ನಂಬಿದ್ದರೆ ದಿಂಬಿನ ಕೆಳಗೆ ಕತ್ತರಿ ಇಡುವ, ಹಣೆಗೆ ವಿಭೂತಿ ಹಚ್ಚುವ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ರೂಢಿ ಇಷ್ಟು ಕಾಲ ಉಳಿದು ಬರುತ್ತಿರಲಿಲ್ಲ. ನಮ್ಮ ಮಾತನ್ನೇ ನೋಡಿ. ಒಳ್ಳೆಯ ಕನಸನ್ನು ನಾವು ‘ಕಾಣುತ್ತೇವೆ’. ಕೆಟ್ಟದ್ದು ನಮಗೆ ‘ಬೀಳುತ್ತದೆ’, ಮೇಲಿನಿಂದ ಏನೋ ಬಿದ್ದ ಹಾಗೆ.

ಹೀಗೆ ಬೀಳುವ ಕನಸಿನೊಡನೆ ಹೊಡೆದಾಡುವ ಕಥೆಗಳು ಈಗ ಜಪಾನಿನಿಂದ ಬರುತ್ತಿವೆ. ಮೈಸೂರಿನ ಗೋಕುಲಂ ಬಡಾವಣೆಯನ್ನು ಹೊರಗಿನವರು ಬಲ್ಲದ್ದು ಯೋಗದಿಂದ. ಕೆ. ಪಟ್ಟಾಭಿ ಜೋಯಿಸರು 2002ರಲ್ಲಿ ತಮ್ಮ ಯೋಗಶಾಲೆಯನ್ನು ಲಕ್ಷ್ಮೀಪುರಂನಿಂದ ಇಲ್ಲಿಗೆ ತಂದ ಮೇಲೆ, ಚಾಪೆ ಹೆಗಲಿಗೇರಿಸಿದ ವಿದೇಶಿಯರು ಇಲ್ಲಿನ ರಸ್ತೆಗಳಲ್ಲಿ ಓಡಾಡುವುದು ನಿತ್ಯದ ನೋಟವಾಯಿತು. ಕನಸು ಮತ್ತು ನಿದ್ದೆಯಿಂದ ದೊರೆಯುವ ತಿಳಿವನ್ನೂ ಮನಸ್ಸು ನಿಲ್ಲಿಸಲು ಆಸರೆಯಾಗಿ ಹಿಡಿಯಬಹುದು ಎಂದು ಅವರು ಓದುವ ಪತಂಜಲಿಯ ಯೋಗಸೂತ್ರ ಹೇಳುತ್ತದೆ. ಅದೇ ಬಡಾವಣೆಯ ಮನೆಗಳ ಒಳಗೆ, ಊರಿನ ಉಳಿದ ಮನೆಗಳಂತೆಯೇ, ಶಾಲೆ ಕಾಲೇಜಿನ ಮಕ್ಕಳು ಮೊಬೈಲ್ ಹಿಡಿದು ‘ಅನಿಮೆ’ ನೋಡುತ್ತಾರೆ. ಜಪಾನಿನಲ್ಲಿ ತಯಾರಾಗುವ ಕಾರ್ಟೂನ್ ಚಿತ್ರಗಳಿಗೆ ಇಂದು ಲೋಕವೆಲ್ಲ ಕರೆಯುವ ಹೆಸರು ಅದು. ಅಂಥ ಒಂದು ಸರಣಿಯನ್ನು ನೋಡಿದವರ ನಡುವೆ ಎದ್ದ ಅಭಿಪ್ರಾಯಭೇದ, ನಮ್ಮ ನಾಡಿನಲ್ಲಿ ಎಂಟುನೂರು ವರ್ಷಗಳ ಹಿಂದೆಯೇ ಒಬ್ಬ ಕನ್ನಡ ಕವಿ ಎತ್ತಿದ್ದ ಪ್ರಶ್ನೆಯ ಹತ್ತಿರಕ್ಕೇ ಬರುತ್ತದೆ. ಈ ಬರಹ ಅದರ ಬಗ್ಗೆ.

ಸರಣಿಯ ಹೆಸರು ‘ಯುಮೆಕುಯಿ ಮೆರಿ’. ಯೋಶಿತಾಕ ಉಶಿಕಿ ಎಂಬ ಚಿತ್ರಕಾರ 2008ರಲ್ಲಿ ಆರಂಭಿಸಿದ ಚಿತ್ರಕಥೆಯನ್ನು ಆಧರಿಸಿ ಜೆ.ಸಿ. ಸ್ಟಾಫ್ ಸಂಸ್ಥೆ 2011ರಲ್ಲಿ 13 ಕಂತುಗಳಲ್ಲಿ ಇದನ್ನು ತಯಾರಿಸಿತು. ಹೆಸರಿನ ಅರ್ಥ ‘ಕನಸು ತಿನ್ನುವ ಮೆರಿ’. ಯುಮೆಜಿ ಎಂಬ ಹೈಸ್ಕೂಲು ಹುಡುಗನಿಗೆ ಇತರರಿಗೆ ಯಾವ ಬಗೆಯ ಕನಸು ಬೀಳಲಿದೆ ಎಂಬುದು ಮೊದಲೇ ಕಾಣುತ್ತದೆ. ಅವನಿಗೆ ಮಾತ್ರ ಬೆಕ್ಕುಗಳ ದಂಡು ಬೆನ್ನಟ್ಟುವ ಕನಸು ಮತ್ತೆ ಮತ್ತೆ ಬೀಳುತ್ತದೆ. ಕನಸಿನ ಲೋಕದ ಪಿಶಾಚಿಗಳು ಮನುಷ್ಯರ ಒಡಲನ್ನು ಹಿಡಿದು ಈ ಲೋಕಕ್ಕೆ ದಾಟಿ ಬರಲು ಹವಣಿಸುತ್ತಿರುತ್ತವೆ. ಅವುಗಳನ್ನು ಎದುರಿಸಿ ಹಿಂದಕ್ಕೆ ಅಟ್ಟುವವಳು ಮೆರಿ. ಅವಳೂ ದಾರಿತಪ್ಪಿ ಇಲ್ಲಿಗೆ ಬಂದ ಕನಸಿನ ಜೀವಿಯೇ, ತನ್ನ ಲೋಕಕ್ಕೆ ಮರಳುವ ಬಾಗಿಲನ್ನು ಹುಡುಕುತ್ತಿರುವವಳು.

ಕಥೆಯಲ್ಲಿ ಒಂದು ಕಟ್ಟಳೆಯಿದೆ. ಪಿಶಾಚಿಯನ್ನು ಕೊಂದರೆ, ಅದಕ್ಕೆ ಒಡಲಾಗಿದ್ದ ಮನುಷ್ಯ ತನ್ನ ಕನಸನ್ನೇ ಕಳೆದುಕೊಳ್ಳುತ್ತಾನೆ. ರಾತ್ರಿಯ ಕನಸನ್ನಲ್ಲ. ಮುಂದೆ ಏನಾಗಬೇಕು ಎಂದು ಹಗಲಿನಲ್ಲಿ ಕಟ್ಟಿಕೊಂಡ ಕನಸನ್ನು. ಜಪಾನಿ ಭಾಷೆಯ ‘ಯುಮೆ’ ಎಂಬ ಪದಕ್ಕೆ ಎರಡು ಅರ್ಥವೂ ಉಂಟು, ನಮ್ಮ ‘ಕನಸಿ’ಗೆ ಇರುವಂತೆಯೇ. ಆದುದರಿಂದ ಮೆರಿಗೆ ಕೊಲ್ಲುವುದು ಬೇಕಿಲ್ಲ, ಅಟ್ಟಿದರೆ ಸಾಕು.

ನೋಡುಗರು ಹೋಳಾಗುವುದು ಇಲ್ಲಿಯೇ. ಕಾದಾಟಕ್ಕೆಂದು ಕುಳಿತವರಿಗೆ ಇದು ಕೈಕಟ್ಟಿದ ಕಾದಾಟ. ಖಳ ಎದುರಿಗೇ ಇದ್ದಾನೆ, ಕೈಯಲ್ಲಿ ಬಲವಿದೆ, ಮತ್ತೇಕೆ ಈ ಮೀನಮೇಷ? ಇನ್ನೊಂದು ಬಗೆಯವರಿಗೆ ಆ ಮೀನಮೇಷವೇ ಸರಣಿಯ ಜೀವಾಳ. ಮೂಲ ಚಿತ್ರಕಥೆಯನ್ನು ಓದಿದವರದು ಬೇರೆಯೇ ತಕರಾರು. ಪುಸ್ತಕ ಇನ್ನೂ ನಡೆಯುತ್ತಿರುವಾಗಲೇ ಟಿ.ವಿ.ಯವರು ತಮ್ಮದೇ ಒಂದು ಮುಕ್ತಾಯ ಹೊಲಿದು ಕಥೆ ಮುಗಿಸಿದರು ಎಂಬುದು. ಕಾದಂಬರಿ ಓದಿ ಸಿನಿಮಾಕ್ಕೆ ಹೋದ ಕನ್ನಡದ ಪ್ರೇಕ್ಷಕ ಈ ತಕರಾರನ್ನು ಚೆನ್ನಾಗಿ ಬಲ್ಲ, ಅದನ್ನು ಬದಿಗಿಡೋಣ. ಕೊಲ್ಲಬೇಕೋ ಬೇಡವೋ ಎಂಬ ಮೊದಲ ಪ್ರಶ್ನೆ ಅಷ್ಟು ಸುಲಭದಲ್ಲಿ ಬದಿಗೆ ಸರಿಯುವಂಥದ್ದಲ್ಲ.

ಜಪಾನಿನಲ್ಲಿ ಈ ಕಲ್ಪನೆಗೆ ಹಳೆಯ ಬೇರಿದೆ. ‘ಕನಸು ತಿನ್ನುವುದು’ ಎಂಬುದು ಅಲ್ಲಿ ಬಾಕು ಎಂಬ ಪ್ರಾಣಿಯ ಬಿರುದು. ಚೀನಾದಿಂದ ಬಂದ ಈ ಕಾಲ್ಪನಿಕ ಮೃಗಕ್ಕೆ ಆನೆಯ ಸೊಂಡಿಲು, ಘೇಂಡಾಮೃಗದ ಕಣ್ಣು, ಎತ್ತಿನ ಬಾಲ, ಹುಲಿಯ ಪಾದ. ಕೆಟ್ಟ ಕನಸು ಕಂಡು ಎದ್ದವರು ಇದನ್ನು ಮೂರು ಬಾರಿ ಕರೆದರೆ ಬಂದು ಆ ಕನಸನ್ನು ತಿಂದುಹೋಗುತ್ತದೆ ಎಂಬುದು ನಂಬಿಕೆ. ಹೊಸ ವರ್ಷದಲ್ಲಿ ದಿಂಬಿನ ಕೆಳಗೆ ನಿಧಿನೌಕೆಯ ಚಿತ್ರ ಇಟ್ಟು ಮಲಗುವಾಗ ಅದರ ಹಾಯಿಯ ಮೇಲೆ ಬಾಕುವಿನ ಅಕ್ಷರ ಬರೆಯುವ ಪದ್ಧತಿಯೂ ಇತ್ತು. ನಮ್ಮ ಮಕ್ಕಳು ಟಿ.ವಿ.ಯಲ್ಲಿ ನೋಡಿದ ‘ಪೋಕೆಮಾನ್’ ಸರಣಿಯ ಡ್ರೌಝಿ, ಆ ಸೊಂಡಿಲುಮೂಗಿನ ತೂಕಡಿಕೆಯ ಪ್ರಾಣಿ, ಇದೇ ಬಾಕುವಿನ ಸಂತತಿ. ಆದರೆ ಬಾಕುವನ್ನು ಕರೆಯುವುದರಲ್ಲೂ ಒಂದು ಎಚ್ಚರವಿದೆ. ಅದರ ಹಸಿವು ತೀರದಿದ್ದರೆ ಕೆಟ್ಟ ಕನಸಿನ ಜೊತೆಗೆ ಮನುಷ್ಯನ ಆಸೆಗಳನ್ನೂ ತಿಂದುಬಿಡುತ್ತದೆ ಎಂಬ ಮಾತಿದೆ. ಮೆರಿಯ ಕಥೆಯ ಕಟ್ಟಳೆಗೆ ಮೂಲ ಇದೇ ಇರಬಹುದು.

ಐವರು ಕಾವಲುಗಾರರು

ನಮ್ಮಲ್ಲಿ ಏನಿತ್ತು? ಕೆಟ್ಟ ಕನಸನ್ನು ಅಟ್ಟುವ ಕೆಲಸ ವೇದಗಳಷ್ಟು ಹಳೆಯದು. ಋಗ್ವೇದದ 10ನೇ ಮಂಡಲದ 164ನೇ ಸೂಕ್ತ ಇದಕ್ಕೇ ಮೀಸಲು. ಅಥರ್ವವೇದದ 6ನೇ ಕಾಂಡದಲ್ಲಿರುವ ಉಪಾಯವಂತೂ ಲೆಕ್ಕಪತ್ರದ ಭಾಷೆಯಲ್ಲಿದೆ. ಹದಿನಾರನೆಯ ಪಾಲು, ಎಂಟನೆಯ ಪಾಲು ಎಂದು ಕಂತುಕಂತಾಗಿ ಸಾಲ ತೀರಿಸುವ ಹಾಗೆ ನಮ್ಮ ಕೆಟ್ಟ ಕನಸನ್ನೆಲ್ಲ ಹಗೆಯ ಲೆಕ್ಕಕ್ಕೆ ದಾಟಿಸುತ್ತೇವೆ ಎನ್ನುವುದು ಅದರ ಭಾವ. ಕನಸು ಸಾಯುವುದಿಲ್ಲ, ವಿಳಾಸ ಬದಲಾಗುತ್ತದೆ. ಪಕ್ಕದ ಮನೆಯವನ ಪಾಡೇನು ಎಂದು ಮಂತ್ರ ಚಿಂತಿಸುವುದಿಲ್ಲ.

ಮನೆಮನೆಗಳಲ್ಲಿ ಉಳಿದದ್ದು ಇದಕ್ಕಿಂತ ಸೌಮ್ಯವಾದ ದಾರಿ. ಮಲಗುವ ಮುನ್ನ ಮಕ್ಕಳಿಂದ ಹೇಳಿಸುವ ಒಂದು ಸಂಸ್ಕೃತ ಶ್ಲೋಕ ಅನೇಕ ಓದುಗರಿಗೆ ಬಾಯಿಪಾಠವಿದ್ದೀತು. ಅದರಲ್ಲಿ ರಾಮ, ಸ್ಕಂದ, ಹನುಮಂತ, ಗರುಡ, ಭೀಮ ಈ ಐವರ ಹೆಸರುಗಳಿವೆ, ಇವರನ್ನು ನೆನೆದು ಮಲಗಿದವನ ದುಃಸ್ವಪ್ನ ನಾಶವಾಗುತ್ತದೆ ಎಂಬ ಭರವಸೆಯಿದೆ. ಪಟ್ಟಿಯನ್ನು ಮತ್ತೊಮ್ಮೆ ಗಮನಿಸಿ. ಒಬ್ಬ ಬಿಲ್ಲುಗಾರ, ಒಬ್ಬ ದೇವಸೇನಾಪತಿ, ಇಬ್ಬರು ಹಾರಬಲ್ಲವರು, ಒಬ್ಬ ಗದೆ ಹಿಡಿದ ಬಲಶಾಲಿ. ಜಪಾನಿನ ಯಾವ ಕಾರ್ಟೂನ್ ಕಂಪನಿಯೂ ಇದಕ್ಕಿಂತ ಒಳ್ಳೆಯ ತಂಡ ಕಟ್ಟಲಾರದು. ಜ್ಞಾನಿಗಳನ್ನಾಗಲಿ ಋಷಿಗಳನ್ನಾಗಲಿ ಈ ಕೆಲಸಕ್ಕೆ ಕರೆದಿಲ್ಲ, ಕಾದಬಲ್ಲವರನ್ನೇ ಕರೆದಿದೆ ಎಂಬುದು ಸ್ವಾರಸ್ಯದ ಸಂಗತಿ.

ಆದರೆ ಕನ್ನಡ ನಾಡಿನ ಚರಿತ್ರೆಯಲ್ಲಿ ದುಃಸ್ವಪ್ನಕ್ಕೆ ದೊಡ್ಡ ಸ್ಥಾನ ದೊರೆತ ಕಡೆ ಯಾರೂ ಕಾದಲಿಲ್ಲ. ಓದಿದರು.

ಶ್ರವಣಬೆಳಗೊಳದ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿಯ ಮೇಲೆ ಸುಮಾರು ಕ್ರಿ.ಶ. 600ರ ಒಂದು ಶಾಸನವಿದೆ. ಉಜ್ಜಯಿನಿಯಲ್ಲಿ ಭದ್ರಬಾಹು ಮುನಿಗಳು ಹನ್ನೆರಡು ವರ್ಷಗಳ ವಿಪತ್ತು ಬರಲಿದೆ ಎಂದು ತಮ್ಮ ನಿಮಿತ್ತಜ್ಞಾನದಿಂದ ಅರಿತು ಹೇಳಿದರೆಂದೂ, ಇಡೀ ಸಂಘ ಉತ್ತರದಿಂದ ದಕ್ಷಿಣಕ್ಕೆ ಹೊರಟಿತೆಂದೂ ಅದು ತಿಳಿಸುತ್ತದೆ. ಅಲ್ಲಿ ಕನಸಿನ ಪ್ರಸ್ತಾಪವಿಲ್ಲ. ಆದರೆ ಅಷ್ಟಾಂಗ ನಿಮಿತ್ತವೆಂದು ಕರೆಯುವ ಎಂಟು ಬಗೆಯ ಶಕುನಶಾಸ್ತ್ರಗಳಲ್ಲಿ ಸ್ವಪ್ನವೂ ಒಂದು. ಬೀಜ ಅಲ್ಲಿಯೇ ಇತ್ತು ಎನ್ನಬೇಕು. ಕಾಲ ಕಳೆದಂತೆ ಅದು ಬೆಳೆದು, ಚಂದ್ರಗುಪ್ತ ಮಹಾರಾಜ ಒಂದೇ ರಾತ್ರಿ ಕಂಡ ಹದಿನಾರು ಕೆಟ್ಟ ಕನಸುಗಳ ಕಥೆಯಾಯಿತು. ಕನ್ನಡದಲ್ಲಿ ಅದನ್ನು ಹೇಳುವ ಒಂದು ಗ್ರಂಥ ‘ರಾಜಾವಳೀ ಕಥೆ’, 19ನೇ ಶತಮಾನದ ಮೊದಲರ್ಧದಲ್ಲಿ ದೇವಚಂದ್ರ ಎಂಬ ಜೈನ ಪಂಡಿತ ಮೈಸೂರು ರಾಜಮನೆತನದ ದೇವೀರಮ್ಮಣ್ಣಿಯವರಿಗಾಗಿ ರಚಿಸಿದ್ದು.

ಸೂರ್ಯ ಮುಳುಗುತ್ತಿದ್ದಾನೆ. ಕಲ್ಪವೃಕ್ಷದ ಕೊಂಬೆ ಮುರಿಯುತ್ತದೆ. ಕೆರೆ ಬತ್ತಿದೆ. ಸಿಂಹಾಸನದ ಮೇಲೆ ಕೋತಿ ಕುಳಿತಿದೆ. ಚಿನ್ನದ ತಟ್ಟೆಯಲ್ಲಿ ನಾಯಿ ಪಾಯಸ ತಿನ್ನುತ್ತಿದೆ. ಕ್ಷತ್ರಿಯ ಕುಮಾರರು ಕತ್ತೆ ಏರಿದ್ದಾರೆ. ಕೊನೆಯಲ್ಲಿ ಹನ್ನೆರಡು ಹೆಡೆಯ ಸರ್ಪವೊಂದು ಹತ್ತಿರಕ್ಕೆ ಬರುತ್ತದೆ. ಭದ್ರಬಾಹು ಒಂದೊಂದಕ್ಕೂ ಅರ್ಥ ಹೇಳುತ್ತಾರೆ. ಹನ್ನೆರಡು ಹೆಡೆ ಎಂದರೆ ಹನ್ನೆರಡು ವರ್ಷಗಳ ಕ್ಷಾಮ. ಸೂರ್ಯಾಸ್ತವೆಂದರೆ ಜ್ಞಾನದ ಬೆಳಕು ಕುಂದುವುದು. ಕೋತಿ, ನಾಯಿ, ಕತ್ತೆಗಳ ಅರ್ಥವೋ, ಆಳಬಾರದವರು ಆಳುತ್ತಾರೆ, ಕೀಳಾದವರು ಮೇಲಾಗುತ್ತಾರೆ ಎಂಬ ಧಾಟಿಯದು. ಇಲ್ಲಿ ನಿದ್ದೆಯಲ್ಲಿ ಬೆದರಿದವನು ಒಬ್ಬ ಅರಸನೋ, ತಮ್ಮ ಕಾಲದ ಮೇಲುಕೀಳು ಅದಲುಬದಲಾದೀತೆಂದು ಬೆದರಿದ ಬರಹಗಾರರೋ ಎಂದು ಇಂದಿನ ಓದುಗ ಕೇಳಿದರೆ ತಪ್ಪಲ್ಲ. ಈ ಚಂದ್ರಗುಪ್ತ ಮೌರ್ಯ ಚಕ್ರವರ್ತಿಯೇ ಹೌದೋ ಅಲ್ಲವೋ ಎಂಬ ವಾದವಂತೂ ಬಿ.ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ ಶಾಸನಗಳನ್ನು ಪ್ರಕಟಿಸಿದಂದಿನಿಂದ ವಿದ್ವಾಂಸರಲ್ಲಿ ನಡೆದೇ ಇದೆ.

ನಮಗೆ ಬೇಕಾದದ್ದು ಅರಸ ಆಮೇಲೆ ಮಾಡಿದ ಕೆಲಸ. ಶಾಂತಿ ಮಾಡಿಸಲಿಲ್ಲ, ಬಲಿ ಕೊಡಲಿಲ್ಲ. ಬರಲಿರುವುದು ಬಂದೇ ಬರುತ್ತದೆ ಎಂದು ಒಪ್ಪಿ, ರಾಜ್ಯವನ್ನು ಮಗನಿಗೆ ಒಪ್ಪಿಸಿ ಗುರುವಿನ ಹಿಂದೆ ಹೊರಟ. ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ ಈ ಗುರುಶಿಷ್ಯರ ಕಥೆ 90 ಪುಟ್ಟ ಚೌಕಟ್ಟುಗಳಲ್ಲಿ ಕೆತ್ತಲ್ಪಟ್ಟಿದೆ. ಅದರ ಮೇಲೆ ದಾಸೋಜನೆಂಬ ಶಿಲ್ಪಿಯ ಹೆಸರಿದೆ, 12ನೇ ಶತಮಾನದ ಕೆಲಸ. ಸಾಲುಸಾಲಾಗಿ ಚೌಕಟ್ಟಿನಿಂದ ಚೌಕಟ್ಟಿಗೆ ಕಥೆ ಸಾಗುವ ರೀತಿ ನೋಡಿದರೆ ಇಂದಿನ ಚಿತ್ರಕಥೆಯ ಪುಟವನ್ನು ಕಲ್ಲಿನಲ್ಲಿ ಕಂಡಂತಾಗುತ್ತದೆ. ಬೆಳಗೊಳಕ್ಕೆ ಹೋದವರು ದೊಡ್ಡಬೆಟ್ಟದ ಗೊಮ್ಮಟನನ್ನು ನೋಡಿ ಹಿಂತಿರುಗುವುದೇ ಹೆಚ್ಚು, ಚಿಕ್ಕಬೆಟ್ಟವನ್ನೂ ಹತ್ತಬೇಕು.

ಕನಸನ್ನು ಓದುವುದು ಯಾವಾಗಲೂ ಇಷ್ಟು ನಿರ್ಮಮವಾಗಿರುವುದಿಲ್ಲ. ಮೈಸೂರಿಗೆ ತೀರ ಹತ್ತಿರದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ತನ್ನ ಕನಸುಗಳನ್ನು ತನ್ನ ಕೈಯಿಂದಲೇ ಪರ್ಷಿಯನ್ ಭಾಷೆಯಲ್ಲಿ ಬರೆದಿಡುತ್ತಿದ್ದ. 1785ರಿಂದ 1798ರವರೆಗಿನ 37 ಕನಸುಗಳು ಅದರಲ್ಲಿವೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯಲ್ಲಿ ಈ ಪುಸ್ತಕವನ್ನು ಕಂಡವನು ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್. ಟಿಪ್ಪುವಿನ ಮುನ್ಷಿ ಹಬೀಬುಲ್ಲಾನಿಗೆ ಇಂಥದೊಂದು ಪುಸ್ತಕವಿದೆಯೆಂದು ಗೊತ್ತಿತ್ತೇ ಹೊರತು ಒಳಗೆ ಏನಿದೆಯೆಂದು ಕಂಡಿರಲಿಲ್ಲ. ಯಾರಾದರೂ ಹತ್ತಿರ ಬಂದರೆ ಸುಲ್ತಾನ ಅದನ್ನು ಮರೆಮಾಡುತ್ತಿದ್ದನಂತೆ. ಈಗ ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಸವಣೂರಿನ ಬಳಿ ಮರಾಠರ ಸೈನ್ಯದ ಮೇಲೆ ದಾಳಿಗೆ ಮುನ್ನ ಬಿದ್ದ ಕನಸೊಂದರಲ್ಲಿ ಚೆಲುವ ಯುವಕನೊಬ್ಬ ಕಾಣಿಸಿಕೊಂಡು, ನೋಡನೋಡುತ್ತ ಗಂಡುಡುಗೆಯ ಹೆಣ್ಣೆಂದು ತಿಳಿದುಬರುತ್ತದೆ. ಮರಾಠರೂ ಹಾಗೆಯೇ, ಉಡುಗೆ ಮಾತ್ರ ಗಂಡಿನದು ಎಂದು ಟಿಪ್ಪು ಅರ್ಥ ಮಾಡಿಕೊಂಡ. ಇನ್ನೊಂದರಲ್ಲಿ ಮೂರು ಬೆಳ್ಳಿಯ ತಟ್ಟೆಗಳ ತುಂಬ ರಸಭರಿತ ಖರ್ಜೂರ. ಮೂವರು ಶತ್ರುಗಳ ರಾಜ್ಯ ಕೈಸೇರುತ್ತದೆ ಎಂಬುದು ಅದರ ಅರ್ಥ. ಭದ್ರಬಾಹು ತನಗೆ ಬೇಡವಾದದ್ದನ್ನೂ ಕನಸಿನಲ್ಲಿ ಓದಿದ. ಇಲ್ಲಿ ಓದುಗ ಬೇಕಾದದ್ದನ್ನೇ ಓದಿಕೊಂಡ ಎನಿಸುತ್ತದೆ. 1792ರಲ್ಲಿ ಅರ್ಧ ರಾಜ್ಯವನ್ನೂ, ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಗಿ ಬಂದ ಒಬ್ಬ ತಂದೆಗೆ ಬೀಳಬಹುದಾದ ಕೆಟ್ಟ ಕನಸುಗಳು ಇನ್ನಾವುವೋ ಇದ್ದಿರಬೇಕು. ಈ ಪುಸ್ತಕದ ಜಾಡು ಹಿಡಿದು ಗಿರೀಶ ಕಾರ್ನಾಡರು ಬರೆದ ನಾಟಕವನ್ನು 1997ರಲ್ಲಿ ಬಿ.ಬಿ.ಸಿ. ರೇಡಿಯೊ ಪ್ರಸಾರ ಮಾಡಿತು. ಕನ್ನಡದಲ್ಲಿ ಅದು ‘ಟಿಪ್ಪುವಿನ ಕನಸುಗಳು’.

ಹಿಟ್ಟಿನ ಕೋಳಿಯ ಕೂಗು

ಇನ್ನು ಕೊಲ್ಲುವ ದಾರಿ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ ಇದನ್ನು ಕುರಿತದ್ದೇ. ಕಥೆ ಜನ್ನನ ಸ್ವಂತದ್ದಲ್ಲ, ಸಂಸ್ಕೃತದಲ್ಲಿ ಸೋಮದೇವಸೂರಿ 959ರಲ್ಲೇ ಹೇಳಿದ್ದ. ಆದರೆ ಕನ್ನಡಿಗರ ಮನಸ್ಸಿನಲ್ಲಿ ನಿಂತದ್ದು ಜನ್ನನ ಕಂದಪದ್ಯಗಳಲ್ಲಿ.

ಉಜ್ಜಯಿನಿಯ ಅರಸ ಯಶೋಧರ, ರಾಣಿ ಅಮೃತಮತಿ. ಒಂದು ರಾತ್ರಿ ಮಾವುತನೊಬ್ಬನ ಹಾಡು ಕೇಳಿ ರಾಣಿಯ ಮನಸ್ಸು ಅತ್ತ ಹರಿಯಿತು. ಅವನು ಮೈಯೆಲ್ಲ ಸೊಟ್ಟಗಿದ್ದ ಅಷ್ಟಾವಂಕ. ಒಂದು ರಾತ್ರಿ ಅವಳ ಹಿಂದೆಯೇ ಹೋಗಿ ಅರಸ ಎಲ್ಲವನ್ನೂ ಕಣ್ಣಾರೆ ಕಂಡ. ಕತ್ತಿ ಎತ್ತಿದ. ಕೊಲ್ಲದೆ ಇಳಿಸಿದ. ಮರುದಿನ ಮಗನ ಬಾಡಿದ ಮುಖ ನೋಡಿ ತಾಯಿ ಚಂದ್ರಮತಿ ಕಾರಣ ಕೇಳಿದಳು. ತಾಯಿಯೆದುರು ಹೇಳುವ ಮಾತೇ ಅದು? ಯಶೋಧರ ಕಂಡದ್ದನ್ನು ಕನಸಿನ ನೆವದಲ್ಲಿ ಮುಚ್ಚಿ ಹೇಳಿದ. ತಾಯಿ ಅದನ್ನು ನಿಜವಾದ ದುಃಸ್ವಪ್ನವೆಂದೇ ನಂಬಿ ಹೆದರಿದಳು. ದೇವಿಗೆ ಪ್ರಾಣಿಬಲಿ ಕೊಟ್ಟು ಶಾಂತಿ ಮಾಡಿಸು ಎಂದು ಹಟ ಹಿಡಿದಳು. ಮಗ ಒಪ್ಪಲಿಲ್ಲ. ತಾಯಿ ಬಿಡಲಿಲ್ಲ. ಕೊನೆಗೆ ಇಬ್ಬರ ಮಾತೂ ಉಳಿಯುವ ಹಾಗೆ ಒಂದು ರಾಜಿ. ಹಿಟ್ಟಿನ ಕೋಳಿ ಮಾಡಿ ಅದನ್ನು ಕಡಿಯುವುದು.

ರಾಜಿ ಎಷ್ಟು ಸಹಜವಾಗಿ ಕಾಣುತ್ತದೆ ನೋಡಿ. ಆಯುಧಪೂಜೆಯ ದಿನ ಮೈಸೂರಿನ ಬೀದಿಬೀದಿಯಲ್ಲಿ ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಯುವಾಗ, ವಾಹನದ ಚಕ್ರದಡಿ ನಿಂಬೆಹಣ್ಣು ಇಡುವಾಗ ನಾವು ಮಾಡುವುದೂ ಇದೇ. ಜನ್ನನ ಮುಂದಿನ ಪೀಳಿಗೆಗಳಲ್ಲಿ ಮಧ್ವಾಚಾರ್ಯರು ಯಜ್ಞದಲ್ಲಿ ಹಿಟ್ಟಿನ ಪಶುವನ್ನು ಬಳಸುವ ಪಿಷ್ಟಪಶುವಿನ ಪಕ್ಷ ಹಿಡಿದದ್ದು ಜೀವಹಿಂಸೆ ತಪ್ಪಲೆಂದೇ. ಜನ್ನ ಮಾತ್ರ ಇಷ್ಟಕ್ಕೆ ಬಿಡುವವನಲ್ಲ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿತು.

ಆ ಕೂಗು ಇಡೀ ಕಾವ್ಯದ ತಿರುಗಣೆ. ಹಿಟ್ಟನ್ನು ಕಡಿದರೂ ಕಡಿಯುವವನ ಮನಸ್ಸಿನಲ್ಲಿ ಕೋಳಿಯೇ ಇತ್ತಲ್ಲ. ಸಂಕಲ್ಪದಲ್ಲಿ ನಡೆದ ಕೊಲೆಯೂ ಕೊಲೆಯೇ ಎಂಬುದು ಜೈನಧರ್ಮದ ನಿಲುವು. ರಾಣಿ ವಿಷವಿಕ್ಕಿದ್ದರಿಂದ ತಾಯಿ ಮಗ ಇಬ್ಬರೂ ಸತ್ತು, ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ಒಬ್ಬರಿಗೊಬ್ಬರು ಹತ್ತಿರ ಹುಟ್ಟಿ, ಮತ್ತೆ ಮತ್ತೆ ಕೊಲೆಗೀಡಾಗಿ, ಒಮ್ಮೆ ನಿಜವಾದ ಕೋಳಿಗಳೇ ಆಗಿ ಯಶೋಧರನ ಸ್ವಂತ ಮಗನ ಬಾಣಕ್ಕೆ ಸಾಯುತ್ತಾರೆ. ಕೊನೆಗೆ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗಿ ಹುಟ್ಟಿದ ಅವರನ್ನೇ ಮಾರಿದತ್ತನೆಂಬ ಅರಸ ಚಂಡಮಾರಿಗೆ ನರಬಲಿ ಕೊಡಲು ತರಿಸುತ್ತಾನೆ. ಕಾವ್ಯ ಶುರುವಾಗುವುದು ಈ ಕ್ಷಣದಲ್ಲಿ. ಮಕ್ಕಳು ತಮ್ಮ ಹಳೆಯ ಜನ್ಮಗಳ ಕಥೆ ಹೇಳುತ್ತಾರೆ, ಕೇಳಿದ ಮಾರಿದತ್ತ ಕತ್ತಿ ಬಿಡುತ್ತಾನೆ.

ನನಗೆ ಇದರಲ್ಲಿ ಬಹಳ ಚುಚ್ಚುವ ಸಂಗತಿ ಕೋಳಿಯದಲ್ಲ. ಅಲ್ಲಿ ಕನಸೇ ಇರಲಿಲ್ಲ ಎಂಬುದು. ಎಚ್ಚರದಲ್ಲಿ ಕಂಡ ಸತ್ಯವೊಂದಕ್ಕೆ ಕನಸೆಂಬ ಹೆಸರು ಕೊಟ್ಟು, ಆ ಸುಳ್ಳು ಕನಸಿಗೆ ಸುಳ್ಳು ಕೋಳಿಯ ಬಲಿ ಕೊಟ್ಟರು. ಗಂಡ ಹೆಂಡಿರ ನಡುವೆ ಆಡಬೇಕಾಗಿದ್ದ ಮಾತು ಆಡದೆ ಉಳಿಯಿತು. ತಾಯಿಯದು ಪ್ರೀತಿ, ಮಗನದು ಸಂಕೋಚ, ಯಾರಲ್ಲೂ ಕೇಡಿಲ್ಲ. ಅಮೃತಮತಿಯನ್ನು ಬರೀ ಜಾರೆಯೆಂದು ಬಿಡುವುದೋ, ಅವಳ ಮನಸ್ಸಿಗೂ ಒಂದು ನ್ಯಾಯವಿದೆಯೋ ಎಂಬ ಚರ್ಚೆ ಕನ್ನಡ ವಿಮರ್ಶೆಯಲ್ಲಿ ಬಹಳ ನಡೆದಿದೆ. ಕಾರ್ನಾಡರು ಇದೇ ವಸ್ತುವನ್ನು 1980ರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಎತ್ತಿಕೊಂಡರು. ಟಿಪ್ಪುವಿನ ಕನಸನ್ನೂ ಯಶೋಧರನ ‘ಕನಸ’ನ್ನೂ ಒಬ್ಬನೇ ನಾಟಕಕಾರ ಕೈಗೆತ್ತಿಕೊಂಡದ್ದು ಬರೀ ಆಕಸ್ಮಿಕವೆನಿಸುವುದಿಲ್ಲ.

ಮೆರಿಯ ಸರಣಿ ನೋಡಿ, ಪಿಶಾಚಿಯನ್ನು ಕೊಲ್ಲುವುದಿಲ್ಲವೇಕೆ ಎಂದು ಬೇಸರಿಸುವ ಹುಡುಗನಿಗೆ ಜನ್ನನ ಕೋಳಿಯ ಕಥೆ ಹೇಳಬಹುದು. ಕೆಟ್ಟ ಕನಸೆಂದು ನಾವು ಕಡಿದದ್ದರ ಒಳಗೆ ಇನ್ನೇನೋ ಜೀವ ಹಿಡಿದುಕೊಂಡಿತ್ತು ಎಂಬಲ್ಲಿ 1209ರ ಕವಿಯೂ 2011ರ ಕಾರ್ಟೂನೂ ಒಂದೇ ಕಡೆ ಬಂದು ನಿಲ್ಲುತ್ತವೆ. ಒಬ್ಬರನ್ನೊಬ್ಬರು ಅರಿತವರಲ್ಲ ಎಂಬುದು ನಿಜ. ಜನ್ನನಿಗೆ ಅದು ಪಾಪದ ಪ್ರಶ್ನೆ, ಜಪಾನಿನವರಿಗೆ ಆಸೆಯ ಪ್ರಶ್ನೆ. ಆ ವ್ಯತ್ಯಾಸವನ್ನು ಮರೆಯಬಾರದು.

ವೈದ್ಯರ ಮದ್ದು

ಮೈಸೂರಿನಲ್ಲಿ ಮನಸ್ಸನ್ನು ಒಂದು ಶಾಸ್ತ್ರವಾಗಿ ಓದುವ ಕೆಲಸ ಬೇಗನೆ ಶುರುವಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ 1924ರದು, ಅದನ್ನು ಕಟ್ಟಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದ ‘ಆಕಾಶವಾಣಿ’ ಆರಂಭಿಸಿದವರೆಂದು ಜನ ಅವರನ್ನು ನೆನೆಯುತ್ತಾರೆಯೇ ಹೊರತು ಮನಶ್ಶಾಸ್ತ್ರಜ್ಞರೆಂದು ನೆನೆಯುವವರು ಕಡಿಮೆ. ಆ ಹೊತ್ತಿಗೆ ಫ್ರಾಯ್ಡ್‌ನ ಕನಸಿನ ಗ್ರಂಥ ಬಂದು ಮೂರು ದಶಕ ಕಳೆದಿತ್ತು. ನಿದ್ದೆಯಲ್ಲಿ ರೆಪ್ಪೆಯ ಅಡಿಯಲ್ಲಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಹಂತವೊಂದಿದೆ, ಕನಸುಗಳು ಹೆಚ್ಚಾಗಿ ಆಗಲೇ ಬೀಳುತ್ತವೆ ಎಂದು ಷಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಕಂಡುಕೊಂಡದ್ದು 1953ರಲ್ಲಿ.

ಕೆಟ್ಟ ಕನಸು ಬಿಡದೆ ಕಾಡುವವರಿಗೆ ವೈದ್ಯರು ಈಗ ಬಳಸುವ ಒಂದು ಮದ್ದು ಈ ಚರ್ಚೆಗೆ ಹೊಂದುವಂಥದ್ದು. ಅತ್ಯಾಚಾರದಂಥ ಆಘಾತಕ್ಕೆ ಗುರಿಯಾಗಿ ದುಃಸ್ವಪ್ನಗಳಿಂದ ನರಳುತ್ತಿದ್ದ ಮಹಿಳೆಯರಲ್ಲಿ ಅದರಿಂದ ಗುಣ ಕಂಡುದನ್ನು ಅಮೆರಿಕದ ವೈದ್ಯ ಬ್ಯಾರಿ ಕ್ರಾಕೋ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಮಾತ್ರೆಯಿಲ್ಲ, ಮಂತ್ರವಿಲ್ಲ. ಬಿದ್ದ ಕನಸನ್ನು ಹಗಲಿನಲ್ಲಿ ನೆನೆದು ಬರೆಯಬೇಕು. ಅದನ್ನು ತನಗೆ ಬೇಕೆನಿಸಿದಂತೆ ಬದಲಾಯಿಸಬೇಕು. ಬದಲಾದ ಕನಸನ್ನು ದಿನವೂ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಓಡಿಸಬೇಕು. ಬೆನ್ನಟ್ಟಿ ಬರುವವನನ್ನು ಕೊಲ್ಲು ಎಂದು ವೈದ್ಯರು ಹೇಳಿಕೊಡುವುದಿಲ್ಲ. ಹೇಗೆ ಬದಲಾಯಿಸುವುದೆಂಬುದು ಕನಸು ಕಂಡವರಿಗೇ ಬಿಟ್ಟದ್ದು. ತನ್ನ ಕನಸನ್ನು ತಾನೇ ಬರೆದಿಟ್ಟ ಶ್ರೀರಂಗಪಟ್ಟಣದ ಸುಲ್ತಾನ ಇದರ ಅರ್ಧ ದಾರಿಯನ್ನು ಆಗಲೇ ನಡೆದಿದ್ದ ಎನ್ನಬಹುದೇನೋ.

ಇದೆಲ್ಲ ಹಗಲಿನ ಕೆಲಸ. ಮೂರರಿಂದ ಆರು ವರ್ಷದ ಮಕ್ಕಳಲ್ಲಿ ಕೆಟ್ಟ ಕನಸು ತೀರ ಸಾಮಾನ್ಯ, ಬಹುತೇಕ ಮಕ್ಕಳು ಬೆಳೆದಂತೆ ಅದು ತಾನಾಗಿಯೇ ಕಡಿಮೆಯಾಗುತ್ತದೆ. ನಡುರಾತ್ರಿ ಬೆಚ್ಚಿ ಎದ್ದ ಮಗುವಿಗೆ ಅದರ ಕನಸಿನ ಅರ್ಥ ಹೇಳುವುದಾಗಲಿ, ಬೇರೆ ಮುಕ್ತಾಯ ಕಟ್ಟು ಎನ್ನುವುದಾಗಲಿ ಸಲ್ಲದು. ಆಗ ಒಂದು ಸಣ್ಣ ದೀಪ, ಒಂದು ಲೋಟ ನೀರು, ಪಕ್ಕದಲ್ಲಿ ಒಬ್ಬರು ಇದ್ದರೆ ಆಯಿತು. ಮನೆಯಲ್ಲಿ ರೂಢಿಯಿದ್ದರೆ ಆ ಐವರ ಹೆಸರನ್ನೂ ಹೇಳಬಹುದು. ಕನಸಿನಲ್ಲಿ ಬ೦ದವರು ಯಾರು, ಏನು ಮಾಡಿದರು ಎಂದು ಬೆಳಗ್ಗೆ ತಿಂಡಿಯ ಹೊತ್ತಿಗೆ ಕೇಳಿದರಾಯಿತು. ಆಗ ಕಾಗದವೂ ಬಣ್ಣದ ಪೆನ್ಸಿಲೂ ಕೈಗೆ ಸಿಗುವಂತಿದ್ದರೆ ಒಳ್ಳೆಯದು.